ವಾರಗಿತ್ತಿಯ ಫೋನು ಎರಡು ಸಲ ಬಾರಿಸುತ್ತಿತ್ತು

ಇದು ಎಂದೂ ಆಗುವ ಮಾತಲ್ಲ ಎಂದವರು ನಮ್ಮ ಅತ್ತೆ. ಬಬಲೇಶ್ವರದ ಮನೆಯ ಪಡಸಾಲೆಯಲ್ಲಿ ಕೂತು, ಮೊರದ ತುಂಬ ಒಣದ್ರಾಕ್ಷಿ ಹರವಿಕೊಂಡು ಕಡ್ಡಿ ಬಿಡಿಸುತ್ತ, ನನ್ನ ಮುಖವನ್ನೂ ನೋಡದೆ ಹೇಳಿದರು:

"ಟಿಕೋಟಾದಾಗ ಕುರಿ ಹಿಂದ ತಿರಗ್ಯಾಡಿದಾಕಿ ಬಿ.ಎ. ಮುಗಸ್ತಾಳ ಅಂದ್ರ, ಹೋರಿ ಹಾಲ ಕೊಟ್ಟಂಗ ಆತು ನೋಡ್ರಿ."

ಆ "ನೋಡ್ರಿ" ನನಗಲ್ಲ, ಎದುರುಮನೆಯಿಂದ ಬಂದು ಕೂತಿದ್ದ ಹೆಂಗಸರಿಗೆ. ಅವರು ನಕ್ಕರು. ನನ್ನ ಗಂಡನೂ ನಕ್ಕ. ಆಮೇಲೆ ತಪ್ಪಾಯಿತೆಂದು ತಿಳಿದು, ಕಾಲಲ್ಲೇ ಇದ್ದ ಚಪ್ಪಲಿಯನ್ನು ಹುಡುಕುವವನ ಹಾಗೆ ಬಗ್ಗಿದ.

ಅತ್ತೆಯ ಮಾತು ಅಲ್ಲಿಗೆ ನಿಲ್ಲಲಿಲ್ಲ. "ಸಣ್ಣಾಕಿ ಮುಗಸ್ತಾಳ ಬಿಡು. ಆಕಿ ಪ್ಯಾಟಿ ಹುಡುಗಿ. ಆಕಿ ಅಪ್ಪ ಡಿಗ್ರಿ, ಅಣ್ಣ ಡಿಗ್ರಿ."

ಸಣ್ಣಾಕಿ ಎಂದರೆ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ವಿಜಯಪುರದ ಜೋರಾಪುರ ಪೇಟೆಯ ಬಟ್ಟೆ ವ್ಯಾಪಾರಿಯ ಮಗಳು. ನಾವಿಬ್ಬರೂ ಪಿಯುಸಿ ಮುಗಿಸಿ ಈ ಮನೆಗೆ ಬಂದವರು, ಇಬ್ಬರೂ ಒಂದೇ ಸಲ ದೂರಶಿಕ್ಷಣದಲ್ಲಿ ಬಿ.ಎ.ಗೆ ಹೆಸರು ಹಚ್ಚಿದವರು. ಹೋರಿಯ ಮಾತು ನನಗೆ ಅಷ್ಟೇನೂ ನೋಯಲಿಲ್ಲ. ನಮ್ಮ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದವಳು ನಾನೊಬ್ಬಳೇ. ಇಂಥ ಮಾತುಗಳನ್ನು ಕೇಳಿಸಿಕೊಂಡೇ ದಾಟಿದ್ದೆ. ನೋಯಿಸಿದ್ದು ಎರಡನೆಯ ಮಾತು. ನನ್ನಿಂದ ಆಗದು ಎಂದಿದ್ದರೆ ಸಾಕಿತ್ತು. ಅವಳಿಂದ ಆಗುತ್ತದೆ ಎಂದು ಸೇರಿಸುವ ಕೆಲಸವೇನಿತ್ತು?

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಿಗೆ ವಾರಗಿತ್ತಿ ಇರುವುದಿಲ್ಲ.

ಅವಳಿಗೆ ಇದ್ದದ್ದು, ನನಗೆ ಇಲ್ಲದ್ದು ಬಹಳ. ಅವಳ ಬೆರಳುಗಳಲ್ಲಿ ಗೀರುಗಳಿರಲಿಲ್ಲ. ಅವಳು ತಡವಾಗಿ ಎದ್ದರೆ "ಪಾಪ, ಅಭ್ಯಾಸ ಮಾಡಿರಬೇಕು" ಎನ್ನುತ್ತಿದ್ದರು. ನಾನು ತಡವಾಗಿ ಎದ್ದರೆ ಹಾಲು ಕೆಟ್ಟಿತು, ಎಮ್ಮೆ ಒದ್ದಿತು ಎಂಬ ದೂರು. ಇದನ್ನೆಲ್ಲ ನುಂಗಿದೆ. ನುಂಗಲಾಗದೆ ಗಂಟಲಲ್ಲಿ ನಿಂತದ್ದು ಅವಳ ಫೋನು.

ಮದುವೆಯಲ್ಲಿ ಅವಳಣ್ಣ ಕೊಡಿಸಿದ ಫೋನು ಅದು. ನನ್ನದು ಗಂಡ ಬಳಸಿ ಬಿಟ್ಟದ್ದು, ಒಣಗಿಸುವ ಮುಂಚೆ ದ್ರಾಕ್ಷಿ ಅದ್ದುವ ಎಣ್ಣೆಯ ಜಿಡ್ಡು ಅಂಚಿನಲ್ಲಿ ಕೂತು ಹೋಗದೇ ಉಳಿದದ್ದು. ಮೊದಲೆರಡು ವರ್ಷ ಇದರಿಂದ ವ್ಯತ್ಯಾಸವಾಗಲಿಲ್ಲ. ತರಗತಿಯ ದಿನ, ಪರೀಕ್ಷೆಯ ದಿನ ಎಲ್ಲವನ್ನೂ ವಿಜಯಪುರದ ಅಧ್ಯಯನ ಕೇಂದ್ರದ ಗೋಡೆಗೆ ಅಂಟಿಸುತ್ತಿದ್ದರು. ಗೋಡೆಯ ಮುಂದೆ ಎಲ್ಲರೂ ಒಂದೇ, ಓದಲು ಬಂದರಾಯಿತು. ಕೊನೆಯ ವರ್ಷ ಮಾತ್ರ, ಇನ್ನು ಮುಂದೆ ಎಲ್ಲವೂ ಮೇಲ್‌ನಲ್ಲಿ ಎಂದರು. ಹೊಸದಾಗಿ ಹೆಸರು ಹಚ್ಚಬೇಕು, ಮೇಲ್ ವಿಳಾಸ ಕೊಡಬೇಕು, ಫೋಟೋ ಹಾಕಬೇಕು.

ನನಗೊಂದು ಮೇಲ್ ಅಕೌಂಟು ಇತ್ತು. ಪಿಯುಸಿಯಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆಂದು ಟಿಕೋಟಾದ ಕಂಪ್ಯೂಟರ್ ಅಂಗಡಿಯಲ್ಲಿ ಮಾಡಿಕೊಟ್ಟದ್ದು. ಆದರೆ ಅದರ ಅಕ್ಷರಗಳು ನನಗೆ ಬಾಯಿಪಾಠ ಇರಲಿಲ್ಲ. ವಾರಗಿತ್ತಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, "ಹಳೇದ ಯಾಕ ಬೇ ಅಕ್ಕಾ, ಹೊಸಾದ ಮಾಡಿಬಿಡ್ತೇನಿ, ನಂಬರ್ ಹೇಳು" ಎಂದಳು. ನಾನು ರೊಟ್ಟಿ ಬಡಿಯುತ್ತ ನಂಬರ್ ಹೇಳಿದೆ. ನನ್ನ ಫೋನಿಗೆ ಒಂದು ಕೋಡ್ ಬಂತು, ಓದಿ ಹೇಳಿದೆ. ಅವಳು ತನ್ನ ಫೋನಿನಲ್ಲಿ ಒತ್ತಿದಳು. ಫೋಟೋ ಕೇಳಿದಾಗ ಮದುವೆಯದೇ ಒಂದನ್ನು ಕತ್ತರಿಸಿ ಕೊಟ್ಟೆ. ಹಣೆಗೆ ಬಾಸಿಂಗ ಇತ್ತು, ಇರಲಿ, ಮುಖ ನನ್ನದೇ ತಾನೆ. "ಆತು, ಮುಗೀತು," ಎಂದಳು.

ನಮ್ಮ ಮನೆಯಲ್ಲಿ ಪದ್ಧತಿಯೇ ಹಾಗೆ. ಒಳ್ಳೆಯ ಫೋನು ಯಾರದೋ ಅದು ಮನೆಯ ಫೋನು. ಮೈದುನನ ಗೊಬ್ಬರದ ಅಂಗಡಿಯ ಮೇಲ್ ಅದರಲ್ಲೇ, ನನ್ನ ಗಂಡನ ಬೆಳೆವಿಮೆಯದೂ ಅದರಲ್ಲೇ, ಅವಳದಂತೂ ಸರಿ. ಯಾವ ಅಕೌಂಟಿಗೆ ಏನು ಬಂದರೂ ಅದೇ ಕ್ಷಣಕ್ಕೆ ಆ ಫೋನು ಟಿಂಗ್ ಎನ್ನುತ್ತಿತ್ತು. ಅವಳು ಬಟ್ಟೆ ಹಿಂಡುತ್ತಿರಲಿ, ಬಾಯಲ್ಲಿ ಪಿನ್ನು ಹಿಡಿದು ತಲೆ ಬಾಚುತ್ತಿರಲಿ, ಟಿಂಗ್. ಒಂದು ಕಣ್ಣು ಹಾಯಿಸಿ, "ಅಕ್ಕಾ, ಭಾನುವಾರ ಕ್ಲಾಸ್ ಐತಂತ" ಎನ್ನುತ್ತಿದ್ದಳು.

ನನ್ನ ಫೋನು ಮೂಗ. ಹಳೆಯ ಅಕೌಂಟನ್ನು ಹೇಗೋ ತೆರೆದಿದ್ದೆ. ದಿನಾ ಬೆಳಿಗ್ಗೆ ಪರದೆಯನ್ನು ಬೆರಳಿನಿಂದ ಕೆಳಕ್ಕೆ ಎಳೆಯುತ್ತಿದ್ದೆ, ಬಾವಿಯ ಹಗ್ಗ ಜಗ್ಗಿದ ಹಾಗೆ. ಬಂದರೆ ಸೀರೆಯ ಜಾಹೀರಾತು, ಸಾಲ ಬೇಕೇ ಎಂಬ ಜಾಹೀರಾತು. ಕೇಂದ್ರದ್ದು ಒಂದೂ ಇಲ್ಲ. ನನ್ನ ಲೆಕ್ಕ ಇಷ್ಟೇ ಇತ್ತು: ಅರ್ಜಿಯಲ್ಲಿ ಕೊಟ್ಟದ್ದು ನನ್ನ ನಂಬರು, ಕೋಡ್ ಬಂದದ್ದು ನನ್ನ ಫೋನಿಗೆ, ಹಾಗಾದರೆ ಮೇಲ್ ಕೂಡ ಮೆಸೇಜಿನ ಹಾಗೆ ಈ ನಂಬರು ಹುಡುಕಿಕೊಂಡು ಇಲ್ಲಿಗೇ ಬರಬೇಕು. ಬರುತ್ತಿಲ್ಲ ಎಂದರೆ ದೋಷ ಈ ಹಳೆಯ ಫೋನಿನದು. ಅವಳಿಗೆ ಬರುತ್ತಿದೆ ಎಂದರೆ ಅದು ಅವಳ ಅಣ್ಣನ ದೊಡ್ಡಸ್ತಿಕೆ.

ಅದಕ್ಕಿಂತ ಉರಿಸಿದ್ದು ಇನ್ನೊಂದು. ಕೇಂದ್ರದಿಂದ ಬಂದಾಗಲೆಲ್ಲ ಅವಳ ಫೋನು ಎರಡು ಸಲ ಬಾರಿಸುತ್ತಿತ್ತು. ಟಿಂಗ್, ಅದರ ಹಿಂದೆಯೇ ಮತ್ತೊಂದು ಟಿಂಗ್. ಅವಳು ಗೊಣಗುತ್ತಿದ್ದಳು: "ಎರಡೆರಡ ಸಲ ಕಳಸ್ತಾರ ಹುಚ್ಚರು. ಒಂದ ಅಳಸಿಬಿಡ್ತೇನಿ."

ನನಗೆ ಒಂದು ಸಲವೂ ಇಲ್ಲ, ಇವಳಿಗೆ ಎರಡು ಸಲ! ಬೇಡವೆಂದು ಒಂದನ್ನು ಎಸೆಯುತ್ತಾಳೆ ಬೇರೆ! ಹಸಿದವಳ ಎದುರಿಗೆ ಹೋಳಿಗೆಯನ್ನು ನಾಯಿಗೆ ಹಾಕಿದ ಹಾಗೆ ನನಗನ್ನಿಸುತ್ತಿತ್ತು. ಅವಳ ಬಾಯಿಂದ ಬಂದ ಸುದ್ದಿಯನ್ನು ಎಂಜಲೆಂದು ತಿಳಿದೇ ತಿನ್ನುತ್ತಿದ್ದೆ. ತಿನ್ನದೆ ವಿಧಿಯಿರಲಿಲ್ಲ.

ಒಮ್ಮೆ ಅದೂ ಸಿಗಲಿಲ್ಲ. ಅವಳು ತವರಿಗೆ ಹೋಗಿದ್ದ ವಾರ ತರಗತಿಯ ಜಾಗ ಬದಲಾಯಿತು. ನಾನು ಬಸ್ಸು ಹಿಡಿದು ವಿಜಯಪುರಕ್ಕೆ ಹೋದರೆ ಕೇಂದ್ರಕ್ಕೆ ಬೀಗ. ತರಗತಿ ಇಬ್ರಾಹಿಂಪುರದ ಕಡೆ, ರೈಲು ಹಳಿಯ ಆಚೆಗಿನ ಒಂದು ಶಾಲೆಯಲ್ಲಿ ನಡೆಯಿತೆಂದು ತಿಳಿದದ್ದು ಅವಳು ಮರಳಿ ಬಂದ ಮೇಲೆ.

"ನೀ ಯಾಕ ಬರಲಿಲ್ಲ ಅಕ್ಕಾ? ಮೇಲ್ ಬಂದಿತ್ತಲ್ಲ."

"ಒಂದ ಫೋನ್ ಮಾಡಾಕ ಬರ್ತಿದ್ದಿಲ್ಲೇನ ನಿನಗ?"

"ನಿನಗೂ ಬಂದಿರ್ತೈತಿ ಅನ್ಕೊಂಡ್ನಿ ಬೇ!"

ನಾನು ನಂಬಲಿಲ್ಲ. ಅಂದಿನಿಂದ ಅವಳು ನಕ್ಕರೂ ಬೇರೆ ಏನೋ ಕಂಡಂತಾಗುತ್ತಿತ್ತು.

ಅದೇ ದಿನಗಳಲ್ಲಿ ಅತ್ತೆ ಗಡುವು ಹಾಕಿದರು. ಈ ವರ್ಷ ಮುಗಿಸಿದರೆ ಮುಗಿಸಲಿ. ಇಲ್ಲವಾದರೆ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕುವುದು, ದ್ರಾಕ್ಷಿ ಶೆಡ್ಡಿನ ಕೆಲಸ ನೋಡಿಕೊಳ್ಳುವುದು. ಗಂಡ ಹೂಂ ಎಂದ. ಅವನು ಕೆಟ್ಟವನಲ್ಲ, ತಾಯಿಯ ಎದುರಿಗೆ ಬೇರೆ ಅಕ್ಷರ ಅವನಿಗೆ ಬರುವುದಿಲ್ಲ. ಹಾಗಾಗಿ ಆ ವರ್ಷದ ಪರೀಕ್ಷೆ ನನಗೆ ಪರೀಕ್ಷೆಯಷ್ಟೇ ಆಗಿರಲಿಲ್ಲ. ಅದು ತಪ್ಪಿದರೆ ಮುಂದೆ ಇನ್ನೊಂದು ಸಲ ಇರಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅವಳ ಫೋನು ಬಾರಿಸಿತು. ಒಂದೇ ಸಲ.

"ಹಾಲ್ ಟಿಕೆಟ್ ಬಂತು!" ಎಂದು ಕುಣಿದಳು. ಅತ್ತೆಗೆ ತೋರಿಸಿದಳು. ಅತ್ತೆ ಓದಲು ಬಾರದಿದ್ದರೂ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ದೊಡ್ಡಾಕಿದು?" ಎಂದರು.

ನಾನು ಪರದೆ ಎಳೆದೆ. ಸೀರೆ. ಮತ್ತೆ ಎಳೆದೆ. ಸಾಲ.

"ನಾಳಿ ಬರ್ತೈತಿ ತಗೋ," ಎಂದಳು ವಾರಗಿತ್ತಿ. ನಾಳೆ ಬರಲಿಲ್ಲ. ನಾಡಿದ್ದು ಅವಳು ತವರಿಗೆ ಹೋದಳು. ಅವಳಣ್ಣನ ಮದುವೆ ಹತ್ತಿರವಿತ್ತು, ಸೀರೆ ಜವಳಿಯ ಸಡಗರ. ನಾನು ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿಯ ಮೇಡಂ, "ನಿಮ್ಮ ಫೋಟೋ ಸರಿ ಇಲ್ರಿ, ಬ್ಯಾರೇದ ಹಾಕ್ರಿ ಅಂತ ಮೇಲ್ ಮಾಡೇವಲ್ರಿ. ನಾಳಿನೇ ಕಡೀ ದಿನ," ಎಂದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ವಿಜಯಪುರಕ್ಕೆ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಈ ಮನೆಯಲ್ಲಿ ಓದಿದ ಸೊಸೆ ಒಬ್ಬಳೇ ಇರಲಿ ಎಂದು ಅವಳಿಗೆ ಆಸೆ. ಯಾಕೆಂದರೆ ಅಂಥ ಆಸೆ ನನಗಿತ್ತು.

ಕೇಂದ್ರದ ಮೇಡಂ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಬಾಸಿಂಗದಿಂದ ಹಣೆ ಮುಚ್ಚಿದೆ, ಹುಬ್ಬು ಕಾಣುವುದಿಲ್ಲ, ಬೇರೆ ಫೋಟೋ ಕಳುಹಿಸಿ ಎಂದು ಮೇಲ್ ಹೋಗಿತ್ತು. ಆದರೆ ಹೋದ ವಿಳಾಸ ನನ್ನ ಹಳೆಯ ಅಕೌಂಟಿನದಲ್ಲ. ಅದರಲ್ಲಿ ನನ್ನ ಹೆಸರೇ ಇತ್ತು, ಆದರೆ ಹಿಂದೆ ಮುಂದೆ ಬೇರೆ ಅಕ್ಷರ.

"ಇದು ನಂದಲ್ರಿ."

"ಅರ್ಜಿಯಾಗ ಇದ ಐತ್ರಿ. ನೀವ ಕೊಟ್ಟದ್ದು. ಸಂಜಿ ಒಳಗ ಇದ ಮೇಲ್‌ನಿಂದ ಫೋಟೋ ಬರಬೇಕ ನೋಡ್ರಿ. ಬ್ಯಾರೇದರಿಂದ ಕಳಿಸಿದ್ರ ನಡೆಯಂಗಿಲ್ಲ."

ಅಲ್ಲಿಂದ ನೇರ ಜೋರಾಪುರ ಪೇಟೆಗೆ ನಡೆದೆ. ಅವಳ ತವರಿನ ಅಂಗಳದಲ್ಲಿ ಚಾಪೆ ಹಾಸಿ ಸೀರೆಗಳನ್ನು ಹರವಿದ್ದರು. ಅವಳು ನಡುವೆ ಕೂತಿದ್ದಳು, ಹೆಗಲ ಮೇಲೆ ಒಂದು ಹಸಿರು, ಒಂದು ಗುಲಾಬಿ. ನನ್ನನ್ನು ನೋಡಿ ಮುಖ ಅರಳಿಸಿ, "ಯವ್ವಾ, ಅಕ್ಕ ಬಂದ್ಳು! ಬಾ, ಯಾವ್ದು ಚೊಲೋ ಐತಿ ಹೇಳು," ಎಂದಳು.

"ಫೋನ್ ತಗಿ," ಎಂದೆ.

"ನೀರರ ಕುಡಿ..."

"ತಗಿ ಅಂದ್ನಿ. ನನ್ನ ಮೇಲ್ ಎಲ್ಲಿ ಮುಚ್ಚಿಟ್ಟೀ?"

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಅವಳ ಮುಖ ಕೆಂಪಾಯಿತು. ಸೀರೆ ಕೊಡವಿ ಎದ್ದು, ನನ್ನ ರಟ್ಟೆ ಹಿಡಿದು ಒಳಗಿನ ಕೋಣೆಗೆ ಎಳೆದುಕೊಂಡು ಹೋದಳು. "ಮಂದಿ ಮುಂದ ಹಿಂಗ ಮಾತಾಡ್ತಾರೇನ? ನಿನ್ನ ಮೇಲ್ ನಾ ಯಾಕ ಮುಚ್ಚಿಡ್ಲಿ? ತಲಿ ಕೆಟ್ಟೈತೇನ ನಿನಗ?"

ಕೇಂದ್ರದಲ್ಲಿ ಬರೆದುಕೊಂಡು ಬಂದಿದ್ದ ವಿಳಾಸ ತೋರಿಸಿದೆ. ಅವಳು ನೋಡಿದಳು. ಫೋನು ತೆಗೆದಳು. ಅದರಲ್ಲಿ ಎಲ್ಲ ಅಕೌಂಟಿನ ಮೇಲ್‌ಗಳೂ ಒಂದೇ ಸಾಲಿನಲ್ಲಿ ಬರುವ ಹಾಗೆ ಇಟ್ಟಿದ್ದಳು. ಅಂಗಡಿಯದು ಯಾವುದು, ವಿಮೆಯದು ಯಾವುದು ಎಂದು ಬೇರೆ ಮಾಡಿ ನೋಡಿದವಳಲ್ಲ. ಪರದೆಯ ಮೂಲೆಯ ಸಣ್ಣ ಗುಂಡನೆಯ ಚಿತ್ರವನ್ನು ಒತ್ತಿದಾಗ ಅಕೌಂಟುಗಳು ಒಂದರ ಕೆಳಗೊಂದು ಬಿಚ್ಚಿಕೊಂಡವು. ಅವಳದು. ಮೈದುನನ ಅಂಗಡಿಯದು. ನನ್ನ ಗಂಡನದು. ಎಲ್ಲದರ ಕೆಳಗೆ ನನ್ನದು.

ಇಬ್ಬರೂ ಅದನ್ನೇ ನೋಡುತ್ತ ಕೂತೆವು.

"ಅಯ್ಯ ಶಿವನ," ಎಂದಳು. "ಹೊಸ್ತಿಲದಾಗ ಕೂತು ಮಾಡಿದ್ನೆಲ್ಲ, ಅದು ಇದರಾಗ ಉಳದೈತಿ. ನಿನ್ನ ಫೋನಿಗೂ ಹಾಕ್ಕೊಂಡಿರ್ತಿ ಅನ್ಕೊಂಡ್ನಿ."

"ನನ್ನ ನಂಬರ್ ಕೊಟ್ಟಿದ್ನೆಲ್ಲ. ತಾನ ಬರ್ತೈತಿ ಅನ್ಕೊಂಡಿದ್ದೆ."

"ನಂಬರಿಗೆ ಮೇಲ್ ಬರಂಗಿಲ್ಲ ಬೇ ಹುಚ್ಚಿ!"

"ಎರಡೆರಡ ಸಲ ಬಂದಾಗ ನೋಡಾಕ ಆಗಲಿಲ್ಲೇನ ನಿನಗ ಶ್ಯಾಣ್ಯಾಕಿಗೆ!"

ಆ ಎರಡನೆಯ ಟಿಂಗ್ ನನ್ನದು. ಇಡೀ ವರ್ಷ ಕಿವಿ ಮುಚ್ಚಿಕೊಳ್ಳಬೇಕೆನ್ನಿಸುವಷ್ಟು ಹೊಟ್ಟೆ ಉರಿಸಿಕೊಂಡದ್ದು ನನ್ನ ಹೆಸರಿಗೇ ಬಂದ ಮೇಲ್‌ಗಾಗಿ. ಫೋಟೋದ ಮೇಲ್ ಅಳಿಸಿದವುಗಳ ಜೊತೆ ಕಸದ ಬುಟ್ಟಿಯಲ್ಲಿ ಬಿದ್ದಿತ್ತು. ಮೇಲಿನ ಕೇಂದ್ರದ ಹೆಸರನ್ನಷ್ಟೇ ಓದಿ, ಇದೂ ಜೋಡಿಯದೇ ಎಂದು ಅಳಿಸಿದ್ದಳಂತೆ. ಅವಳ ಮೇಲಿನ ಸಿಟ್ಟು ಇಳಿದರೆ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಅವಳು ಕೆಟ್ಟವಳೆಂದು ತಿಳಿದಿದ್ದಾಗಲೇ ಹೊಟ್ಟೆಕಿಚ್ಚು ಪಡಲು ಅನುಕೂಲವಿತ್ತು.

"ಈಗಿಂದೀಗ ನನ್ನ ಫೋನಿಗೆ ಹಾಕು ಅದನ್ನ," ಎಂದೆ. "ಇಲ್ಲ ಬ್ಯಾಡ, ನಾನ ಹಾಕ್ಕೋತೇನಿ. ಎಲ್ಲಿ ಒತ್ತಬೇಕ ಹೇಳು ಅಷ್ಟ."

ಹೇಳಿದಳು. ಅಕೌಂಟ್ ಸೇರಿಸು ಎಂಬಲ್ಲಿ ಒತ್ತಿದೆ, ವಿಳಾಸ ಬರೆದೆ. ಪಾಸ್‌ವರ್ಡ್ ಕೇಳಿತು.

"ಪಾಸ್‌ವರ್ಡ್ ಏನಿಟ್ಟೀ?"

ಅವಳು ಸೆರಗಿನ ಅಂಚು ಸುತ್ತಿದಳು.

"ಸಿಟ್ಟಾಗಬ್ಯಾಡ ಅಕ್ಕಾ. ಅವತ್ತ ಅದ ತಲ್ಯಾಗಿತ್ತು. ನಗಸಾಕ ಇಟ್ಟಿದ್ದೆ, ಆಮ್ಯಾಲ ನಿನಗ ಹೇಳಾಕ ಹೆದರಿಕಿ ಆತು."

"ಏನು?"

"ಹೋರಿಹಾಲು."

ಅವಳ ತವರಿನ ಕೋಣೆಯಲ್ಲಿ, ಅವಳ ಮಂಚದ ಮೇಲೆ ಕೂತು, ನನ್ನ ಅತ್ತೆಯ ಆ ಮಾತನ್ನು ನಾನೇ ನನ್ನ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಬರೆದೆ. ಬಾಗಿಲು ತೆರೆಯಿತು. ಒಂದು ವರ್ಷದಲ್ಲಿ ಅಳಿಸದೆ ಉಳಿದ ಮೇಲ್‌ಗಳು ಧೋ ಎಂದು ಸುರಿದವು. ಅಷ್ಟರಲ್ಲಿ ಅವಳು ನಕ್ಕುಬಿಟ್ಟಳು. ನಾನು ನಗಲಿಲ್ಲ, ನಗು ಬಂದಿತ್ತು, ಅವಳಿಗೆ ತೋರಿಸಲಿಲ್ಲ.

ಅದೇ ಓಣಿಯ ಸ್ಟುಡಿಯೋದಲ್ಲಿ ಸೆರಗು ಹಿಂದಕ್ಕೆ ಸರಿಸಿ, ಹಣೆ, ಹುಬ್ಬು, ಎರಡೂ ಕಿವಿ ಕಾಣುವ ಹಾಗೆ ಫೋಟೋ ತೆಗೆಸಿದೆ. ಸಂಜೆಗೆ ಮುಂಚೆ ಕಳುಹಿಸಿದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಫೋನಿನ ಸೆಟ್ಟಿಂಗುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದೆ. ಬ್ಯಾಟರಿ ಉಳಿಸಲೆಂದು ಗಂಡ ಏನೋ ಹಚ್ಚಿಟ್ಟಿದ್ದ. ಅದು ಮೇಲ್ ಅನ್ನು ಮಲಗಿಸಿಬಿಡುತ್ತಿತ್ತು, ನಾನು ತೆರೆದಾಗ ಮಾತ್ರ ಎಬ್ಬಿಸುತ್ತಿತ್ತು. ಅದನ್ನು ತೆಗೆದೆ. ಮೇಲ್ ತಾನಾಗಿ ಬರುವಂತೆ ಮಾಡುವ ಸಿಂಕ್ ಎಂಬುದು ಆರಿಹೋಗಿತ್ತು, ಹೊತ್ತಿಸಿದೆ. ಹಳೆಯ ಅಕೌಂಟು, ಹೊಸ ಅಕೌಂಟು, ಎರಡಕ್ಕೂ ಸದ್ದು ಕೊಟ್ಟೆ, ಬೇರೆ ಬೇರೆ ಸದ್ದು. ಇದು ಯಾವ ದೊಡ್ಡ ವಿದ್ಯೆಯೂ ಅಲ್ಲ. ಆದರೆ ನಮ್ಮ ಮನೆಯಲ್ಲಿ ಇದನ್ನು ಹೇಳಿಕೊಡುವ ಅಪ್ಪ ಅಣ್ಣ ಇರಲಿಲ್ಲ, ಅಷ್ಟೇ.

ಹಾಲ್ ಟಿಕೆಟ್ ಬಂದಾಗ ನಾನು ಒಲೆಯ ಮುಂದಿದ್ದೆ. ಟಿಂಗ್.

"ಸಣ್ಣಾಕಿ ಫೋನ್ ಬಿಟ್ಟ ಹೋಗ್ಯಾಳೇನ?" ಎಂದರು ಅತ್ತೆ ಪಡಸಾಲೆಯಿಂದ.

"ಇಲ್ರಿ. ನಂದು," ಎಂದೆ. ಹಂಚಿನ ಮೇಲಿನ ರೊಟ್ಟಿ ಕರಿದಾಯಿತು. ಎಂದೂ ಇಲ್ಲದೆ ಅದಕ್ಕೆ ನನಗೇನೂ ಅನ್ನಿಸಲಿಲ್ಲ.

ಕೊನೆಯ ಪತ್ರಿಕೆಯ ದಿನವೇ ಅವಳಣ್ಣನ ಮದುವೆ ಬಂತು. ಅವಳು ಮದುವೆಗೆ ಹೋದಳು. "ಒಂದ ಪೇಪರ್ ಅಲ್ಲೇನ, ಆಮ್ಯಾಲ ಬರೀತೇನಿ, ನನಗೇನ ಗಡಿಬಿಡಿ," ಎಂದಳು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಒಂದು ಪತ್ರಿಕೆಯನ್ನು ಹಾಗೆ ಸಲೀಸಾಗಿ ಬಿಡಬಲ್ಲವರು ಎಂಥ ಶ್ರೀಮಂತರು! ನಾನು ಮದುವೆ ಬಿಟ್ಟು ಪರೀಕ್ಷೆಗೆ ಹೋದೆ. ಬೀಗರ ಮದುವೆಗೆ ದೊಡ್ಡ ಸೊಸೆ ಬರಲಿಲ್ಲವೆಂದು ಅತ್ತೆ ಎಷ್ಟೋ ದಿನ ನನ್ನೊಡನೆ ಮಾತಾಡಲಿಲ್ಲ. ಆ ದಿನಗಳಲ್ಲಿ ಮನೆ ತಣ್ಣಗಿತ್ತು, ಸುಳ್ಳೇಕೆ ಹೇಳಲಿ.

ಫಲಿತಾಂಶವೂ ಮೇಲ್‌ನಲ್ಲೇ ಬಂತು. ನನ್ನ ಫೋನು ಅವಳ ಫೋನಿಗಿಂತ ಒಂದು ಉಸಿರು ಮುಂಚೆ ಬಾರಿಸಿತು. ಆ ಒಂದು ಉಸಿರಿನ ಸಂತೋಷವನ್ನು ನಾನು ಯಾರಿಗೂ ಹೇಳಿಲ್ಲ. ಪಾಸಾಗಿದ್ದೆ, ಎರಡನೆಯ ದರ್ಜೆ. ಅವಳು ಬರೆದ ಎಲ್ಲದರಲ್ಲೂ ನನಗಿಂತ ಹೆಚ್ಚು ಅಂಕ ತೆಗೆದಿದ್ದಳು. ಒಂದು ಪತ್ರಿಕೆಯ ಎದುರಿಗೆ ಮಾತ್ರ ಗೈರುಹಾಜರಿ. ನಾನು ಅವಳ ಅಂಕ ನೋಡುತ್ತ ನಿಂತೆ, ಅವಳು ನನ್ನ ಪಾಸು ನೋಡುತ್ತ ನಿಂತಳು.

ಪದವಿಯ ಪ್ರಮಾಣಪತ್ರ ಬಂದಿದೆ, ಬಂದು ಒಯ್ಯಿರಿ ಎಂಬ ಮೇಲ್ ಬಂದದ್ದು ಎಷ್ಟೋ ತಿಂಗಳ ಮೇಲೆ. ಗಂಡ ಶೆಡ್ಡಿನಲ್ಲಿದ್ದ. ಅತ್ತೆ, "ತಂದು ತೋರಸು, ಆಮ್ಯಾಲ ನೋಡೂಣು," ಎಂದರು. ನಾನು ಕರೆಯದಿದ್ದರೂ ವಾರಗಿತ್ತಿ ಸೀರೆ ಬದಲಿಸಿ ಬಂದು ಬಸ್ಸಿನಲ್ಲಿ ಪಕ್ಕಕ್ಕೆ ಕೂತಳು. ಅವಳ ಬಿಟ್ಟುಹೋದ ಪತ್ರಿಕೆಗೆ ಹಣ ಕಟ್ಟುವುದಿತ್ತಂತೆ. ದಾರಿಯಲ್ಲಿ ಒಮ್ಮೆ, "ಆ ಪೇಪರ್‌ದ ನಿನ್ನ ಪುಸ್ತಕ ಕೊಡ್ತೀಯೇನ?" ಎಂದಳು. "ಗೆರಿ ಹೊಡದೇನಿ ಅದರಾಗ," ಎಂದೆ. "ಅದಕ್ಕ ಕೇಳಾಕತ್ತೇನಿ," ಎಂದಳು.

ಕೇಂದ್ರದ ಮೇಡಂ ಫೋಟೋ ನೋಡಿದರು, ನನ್ನ ಮುಖ ನೋಡಿದರು, ಸಹಿ ಹಾಕಿಸಿಕೊಂಡರು. ಆಮೇಲೆ ಪ್ಲಾಸ್ಟಿಕ್ ಹಾಳೆಯ ಒಳಗಿದ್ದ ಅದನ್ನು ಕಿಟಕಿಯ ಕೆಳಗಿನ ಸಂದಿಯಿಂದ ಚಾಚಿದರು. ಕೈ ಒದ್ದೆಯಾಗಿರಲಿಲ್ಲ, ಆದರೂ ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡೆ. ನನ್ನ ಹೆಸರು, ಅಪ್ಪನ ಹೆಸರು, ಊರು ಟಿಕೋಟಾ. ಓದಿ ಮುಗಿದಿತ್ತು, ಆದರೂ ಓದುತ್ತಲೇ ಇದ್ದೆ. ಹಿಂದೆ ಸಾಲಿನಲ್ಲಿದ್ದವರು ಸರಿಯಿರಿ ಎಂದರು.

ಅವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಮೆಟ್ಟಿಲು ಇಳಿಯುವಾಗ ಹೇಳಿದಳು:

"ಹೊಟ್ಟಿ ಉರಿಯಾಕತ್ತೈತಿ ಅಕ್ಕಾ, ನಿನ್ನ ಮುಂದ ಸುಳ್ಳ ಯಾಕ ಹೇಳ್ಲಿ. ತಾ ಇಲ್ಲೆ, ನಾ ಹಿಡ್ಕೋತೇನಿ. ಬಸ್ಸಿನ್ಯಾಗ ಗದ್ದಲಿರ್ತೈತಿ, ನೀ ಮಡಚಿಗಿಡಚಿ ಬಿಟ್ಟೀ."